ನೊರೆ ಇಳಿದ ಮೇಲೆ

ವಿಜ್ಞಾನ ವಸ್ತುಪ್ರದರ್ಶನ ಅಂದಮೇಲೆ ಜ್ವಾಲಾಮುಖಿ ಇರಲೇಬೇಕು ಅಂತ ಯಾರು ಕಟ್ಟಳೆ ಮಾಡಿದರೋ. ಹೋದ ವರ್ಷ ಶಿವಮೊಗ್ಗದ ಒಂದು ಶಾಲೆಯ ಪ್ರದರ್ಶನಕ್ಕೆ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಾಲ್‌ನ ಒಂದು ಬದಿಗೆ ಉದ್ದಕ್ಕೂ ಜ್ವಾಲಾಮುಖಿಗಳೇ. ಥರ್ಮಾಕೋಲ್ ಕೆತ್ತಿದ್ದು, ಪೇಪರ್ ನೆನೆಸಿ ಮೆತ್ತಿದ್ದು, ಮಣ್ಣಿನಲ್ಲಿ ಕಟ್ಟಿದ್ದು. ಒಂದರ ಬುಡಕ್ಕೆ ಪಾಚಿ ಹೊದಿಸಿ ಪುಟ್ಟ ಪುಟ್ಟ ಅಡಿಕೆ ಮರ ಬೇರೆ ನಿಲ್ಲಿಸಿದ್ದರು. (ತೋಟಕ್ಕೆ ಕೊಳೆರೋಗ, ಎಲೆಚುಕ್ಕೆ ಸಾಲದು ಅಂತ ಲಾವಾ ಒಂದು ಬಾಕಿ ಇತ್ತು.) ಅದರ ಹಿಂದೆ ನಿಂತಿದ್ದ ಹುಡುಗಿ ಏಳನೇ ಕ್ಲಾಸೋ ಎಂಟೋ ಇರಬೇಕು. ನಾವು ಹತ್ತಿರ ಹೋದ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ಜ್ವಾಲಾಮುಖಿ ಎಂದರೇನು, ಅದರಲ್ಲಿ ಎಷ್ಟು ವಿಧ, ಮ್ಯಾಗ್ಮಾ ಯಾವುದು ಲಾವಾ ಯಾವುದು ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಆಮೇಲೆ ಕೆಂಪು ಬಣ್ಣ ಕಲಸಿದ ವಿನೆಗರನ್ನು ಬೆಟ್ಟದ ಬಾಯಿಗೆ ಸುರಿದಳು. ಬುಸ್ಸೆಂದು ನೊರೆ ಉಕ್ಕಿತು. ಸುತ್ತ ಇದ್ದವರು ಚಪ್ಪಾಳೆ ಹೊಡೆದರು. "ಆ ಗುಳ್ಳೆ ಒಳಗೆ ಎಂತ ಇದೆ ಪುಟ್ಟಾ?" ಅಂತ ಕೇಳಿದೆ. ಅವಳು ಗೆಳತಿಯ ಮುಖ ನೋಡಿದಳು, ಗೆಳತಿ ಗೋಡೆಯ ಚಾರ್ಟ್ ನೋಡಿದಳು. ಕೊನೆಗೆ, "ಕೆಮಿಕಲ್ ರಿಯಾಕ್ಷನ್ ಇದೆ, ಸರ್" ಅಂದಳು.

ಮನೆಗೆ ಬಂದಮೇಲೂ ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹುಡುಗಿಯನ್ನು ದೂರುವ ಹಾಗಿಲ್ಲ. ಅವಳಿಗೆ ನೊರೆ ಉಕ್ಕಿಸುವುದನ್ನು ಹೇಳಿಕೊಟ್ಟಿದ್ದರು, ಅದನ್ನವಳು ಚೆನ್ನಾಗಿಯೇ ಉಕ್ಕಿಸಿದಳು. ತೊಂದರೆ ಇರುವುದು ಅಡುಗೆ ಸೋಡಾಕ್ಕೆ ಹುಳಿ ಬಿದ್ದಾಗ ಹುಟ್ಟುವ ಮುಖ್ಯ ವಸ್ತು ಕಣ್ಣಿಗೆ ಕಾಣುವುದಿಲ್ಲ ಅನ್ನುವುದರಲ್ಲಿ. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾ ಪೂರ್ತಿ ಖರ್ಚಾದರೆ ಹತ್ತಿರ ಹತ್ತಿರ 1.4 ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಷ್ಟಕ್ಕೆ ಅಂಗಡಿಯಲ್ಲಿ ಸಿಗುವ 4 ಪರ್ಸೆಂಟಿನ ವಿನೆಗರ್ 90 ಎಂಎಲ್‌ನಷ್ಟು ಬೇಕು. ಆ ಹಾಲ್‌ನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಹುಟ್ಟಿದ ಗಾಳಿಯೆಲ್ಲ ಟೇಬಲ್ಲಿನ ಅಂಚಿನಿಂದ ಇಳಿದು, ನಮ್ಮ ಚಪ್ಪಲಿಗಳ ಮೇಲೆ ಹಾದು, ಬಾಗಿಲಾಚೆ ಹೋಗಿತ್ತು. ನಾವು ಮಾತ್ರ ಟ್ರೇಗೆ ಬಿದ್ದ ಕೆಂಪು ನೀರು ನೋಡುತ್ತಾ ನಿಂತಿದ್ದೆವು. ಆ ನೀರಿನಲ್ಲಿದ್ದದ್ದು ಸೋಡಿಯಂ ಅಸಿಟೇಟು, ಮತ್ತೆ ಪಾತ್ರೆ ತೊಳೆಯುವ ಲಿಕ್ವಿಡ್ಡು. ಲಿಕ್ವಿಡ್ ಯಾಕೆ ಹಾಕುತ್ತಾರೆ ಅಂದರೆ ಗುಳ್ಳೆ ಬೇಗ ಒಡೆಯದೆ ನೊರೆ ಜಾಸ್ತಿ ಕಾಣಲಿ ಅಂತ. ಅದರಿಂದ ಗಾಳಿ ಒಂದು ತೊಟ್ಟೂ ಹೆಚ್ಚುವುದಿಲ್ಲ.

ಜ್ವಾಲಾಮುಖಿ ಬೇಡವೇ ಬೇಡ ಅನ್ನುವವನೇನೂ ಅಲ್ಲ ನಾನು. ಉಕ್ಕುವುದನ್ನು ನೋಡುವ ಖುಷಿ ದೊಡ್ಡವರಿಗೂ ಇದೆ; ಹಾಲು ಉಕ್ಕಿದರೆ ಬೈಸಿಕೊಳ್ಳುತ್ತೇವೆ, ಇದಕ್ಕೆ ಬಹುಮಾನ ಕೊಡುತ್ತಾರೆ. ಆದರೆ ನೊರೆ ಇಳಿದ ಕೂಡಲೇ ಎಲ್ಲರೂ ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಾರೆ. ಅಲ್ಲಿಂದ ಮುಂದೆ ಏನಾಯಿತು ಅಂತ ಆ ಕಾಣದ ಗಾಳಿಯ ಹಿಂದೆ ಹೋದರೆ ಮಲೆನಾಡಿನ ಮನೆಯಲ್ಲಿ ಅಡುಗೆಮನೆಯಿಂದ ತೋಟದ ಬಾವಿಯವರೆಗೂ ಹೋಗಬಹುದು. ಹೋಗಿ ನೋಡಿದೆವು ಕೂಡ.

ಹಾರದ ಬಲೂನು

ಏಪ್ರಿಲ್ ರಜೆಯಲ್ಲಿ ಮಕ್ಕಳು ಹೊಸನಗರದ ಕಡೆ ಇರುವ ನಮ್ಮ ಊರಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂತು ಮೊದಲು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಆಟವೇ. ನೀರಿನ ಖಾಲಿ ಬಾಟಲಿಗೆ ನಿಂಬೆರಸ, ಬಲೂನಿನ ಹೊಟ್ಟೆಗೆ ಸೋಡಾ. ಬಲೂನಿನ ಬಾಯಿಯನ್ನು ಬಾಟಲಿಗೆ ಸಿಕ್ಕಿಸಿ ಎತ್ತಿ ಹಿಡಿದರೆ ಸೋಡಾ ಕೆಳಗೆ ಸುರಿದು, ಬುರುಬುರು ಎದ್ದು, ಬಲೂನು ತಲೆ ಎತ್ತಿ ನಿಲ್ಲುತ್ತದೆ. ಕಿರುಚಾಟ ಮುಗಿದ ಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಅಂದೆ. "ಮಾವ, ತಣ್ಣಗಾಗಿದೆ!" ಅಂದಳು ಅಕ್ಕನ ಮಗಳು. ಸುಣ್ಣ ನೀರು ಸೇರಿದರೆ ಬಿಸಿ, ಬೆಂಕಿ ಅಂದರೆ ಬಿಸಿ, ಹಾಗಾಗಿ ರಾಸಾಯನಿಕ ಕ್ರಿಯೆ ಅಂದರೆ ಬಿಸಿಯೇ ಇರಬೇಕು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಸೋಡಾ–ಹುಳಿಯ ಜೋಡಿ ಸುತ್ತಲಿನ ಬಿಸಿಯನ್ನೇ ಎಳೆದುಕೊಂಡು ಕೆಲಸ ಮಾಡುತ್ತದೆ. ಕೈಗೆ ತಿಳಿಯುವಷ್ಟು ತಣ್ಣಗಾಗುತ್ತದೆ. ಜ್ವಾಲಾಮುಖಿಯ ವೇಷ ಹಾಕಿಸಿಕೊಂಡ ವಸ್ತು ಒಳಗೊಳಗೆ ತಣ್ಣಗಿರುತ್ತದೆ ಅನ್ನುವುದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ.

ಅವಳ ತಮ್ಮ ಅಷ್ಟರಲ್ಲಿ ಬಲೂನಿಗೆ ಗಂಟು ಹಾಕಿ ಅಂಗಳಕ್ಕೆ ಓಡಿ ಮೇಲಕ್ಕೆ ಎಸೆದಿದ್ದ. ಅದು ಸೀದಾ ಬಂದು ಸಗಣಿ ಸಾರಿಸಿದ ನೆಲದ ಮೇಲೆ ಕೂತಿತು. ಮತ್ತೆ ಎಸೆದ, ಮತ್ತೆ ಬಿತ್ತು. "ಮಾರಿಜಾತ್ರೆ ಬಲೂನು ಹಾರಿ ಹೋಗ್ತಿತ್ತಲ್ಲ ಮಾವ, ಇದೆಂತಕ್ಕೆ ಹಾರ್ತಿಲ್ಲ? ಗ್ಯಾಸೇ ಅಲ್ದಾ ಇದೂ?" ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಆದರೆ ಅಲ್ಲಿ ದಾರ ಬಿಟ್ಟ ಬಲೂನನ್ನು ಮಕ್ಕಳು ಎರಡು ವರ್ಷವೂ ಮರೆಯುವುದಿಲ್ಲ. ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳುವುದು ಸುಲಭವಿತ್ತು. ಅದರ ಬದಲು ಬಾಯಿಂದ ಊದಿದ ಇನ್ನೊಂದು ಬಲೂನನ್ನು ಅದೇ ಗಾತ್ರಕ್ಕೆ ತಂದು, ಎರಡನ್ನೂ ಅಟ್ಟದ ಏಣಿಯ ಮೇಲಿನಿಂದ ಒಟ್ಟಿಗೆ ಬಿಡಿಸಿದೆ. ಸೋಡಾದ ಬಲೂನು ಮೊದಲು ಬಿತ್ತು. ಬದಲಾಯಿಸಿ ಬಿಟ್ಟರೂ ಅದೇ ಮೊದಲು. ಒಂದು ಲೀಟರ್ ಗಾಳಿ ತೂಗುವುದು 1.2 ಗ್ರಾಂ, ಒಂದು ಲೀಟರ್ ಕಾರ್ಬನ್ ಡೈಆಕ್ಸೈಡು 1.8 ಗ್ರಾಂ. ಜಾತ್ರೆಯ ಬಲೂನಿನಲ್ಲಿರುವ ಹೀಲಿಯಂ ಗಾಳಿಯ ಏಳನೇ ಒಂದು ಪಾಲೂ ತೂಗುವುದಿಲ್ಲ. ಗಾಳಿಗೂ ತೂಕ ಇದೆ ಅಂತ ಪುಸ್ತಕದಲ್ಲಿ ಓದಿದ್ದ ಹುಡುಗಿ ಅವತ್ತು ಬಲೂನುಗಳನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ತೂಗಿ ನೋಡುತ್ತಿದ್ದಳು.

ಅವತ್ತಿನ ಸಂಜೆಯ ಪ್ರಯೋಗ ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಊಟದ ಮನೆಗೆಂದು ತೆಗೆದಿಟ್ಟ ದೊಡ್ಡ ಸ್ಟೀಲ್ ಪಾತ್ರೆ ಇಳಿಸಿ, ಅದರೊಳಗೆ ಮೂರು ತುಂಡು ಮೇಣದಬತ್ತಿ ಹಚ್ಚಿಟ್ಟೆವು. ಒಂದು ಗಿಡ್ಡ ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ, ಇನ್ನೊಂದು ಬೋರಲು ಹಾಕಿದ ಲೋಟದ ಮೇಲೆ, ಮತ್ತೊಂದು ಎತ್ತರದ ಡಬ್ಬಿಯ ಮೇಲೆ. ಮೂರೂ ಪಾತ್ರೆಯ ಅಂಚಿಗಿಂತ ಕೆಳಗೇ ಇದ್ದವು. ಅಮ್ಮ ಅಡುಗೆಮನೆಯಿಂದಲೇ ಎರಡು ಶರತ್ತು ಹಾಕಿದಳು: ದೇವರ ಮುಂದಿನ ದೀಪಕ್ಕೆ ಕೈ ಹಾಕಕೂಡದು, ಮತ್ತೆ ನಿಂಬೆಹಣ್ಣು ಮುಟ್ಟಕೂಡದು. "ಬೇಸಿಗೇಲಿ ನಿಂಬೆಹಣ್ಣಿನ ರೇಟೆಷ್ಟು ಅಂತ ಗೊತ್ತಿದ್ಯಾ ನಿಂಗೆ?" ಹಾಗಾಗಿ ಪೇಟೆಯಿಂದ ತಂದ ವಿನೆಗರ್. ತಳದಲ್ಲಿ ಹರಡಿದ ಸೋಡಾದ ಮೇಲೆ ಅಂಚಿನಿಂದ ಮೆಲ್ಲಗೆ ಸುರಿದೆವು. ನೊರೆ ಎದ್ದು ಇಳಿಯಿತು, ಅಷ್ಟೆ. ಉರಿಗಳು ಹಾಗೇ ಉರಿಯುತ್ತಿದ್ದವು. ಏನೂ ಆಗಲಿಲ್ಲ ಅಂತ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಉರಿ ಒಮ್ಮೆ ಉದ್ದವಾಗಿ, ಬತ್ತಿಯಿಂದ ಬಿಟ್ಟು ಮೇಲೆದ್ದ ಹಾಗಾಗಿ, ಆರಿಹೋಯಿತು. ಸ್ವಲ್ಪ ಹೊತ್ತಿಗೆ ನಡುವಿನದು. ಮೇಲಿನದು ಆಡುತ್ತಾ ಆಡುತ್ತಾ ಉಳಿಯಿತು. ಇನ್ನೂ ಒಂದಿಷ್ಟು ಸುರಿದ ಮೇಲೆ ಅದೂ ಹೋಯಿತು. ಯಾರೂ ಊದಲಿಲ್ಲ, ಗಾಳಿ ಬೀಸಲಿಲ್ಲ. ಬಾವಿಯಲ್ಲಿ ನೀರು ಏರುವ ಹಾಗೆ ಪಾತ್ರೆಯೊಳಗೆ ಏನೋ ಏರಿತ್ತು.

ಆ ಏನೋ ಎಲ್ಲಿಯವರೆಗೆ ಏರಿದೆ ಅಂತ ನೋಡಲು ಊದುಬತ್ತಿ ಹಚ್ಚಿ ಅದರ ಹೊಗೆಯನ್ನು ಪಾತ್ರೆಯ ಬಾಯಿಗೆ ಹಿಡಿದೆವು. ಹೊಗೆ ಎಂದಿನಂತೆ ಚದುರಿ ಹೋಗದೆ ಒಂದು ಮಟ್ಟದಲ್ಲಿ ತೆಳ್ಳಗೆ ಹರಡಿಕೊಂಡು ನಿಂತಿತು. ಪಾತ್ರೆ ಸ್ವಲ್ಪ ಅಲುಗಿಸಿದರೆ ಆ ಹೊಗೆಯ ಹಾಳೆ ಓರೆಯಾಗಿ ಆಚೀಚೆ ತೂಗಿತು. ಕಾಣದ ವಸ್ತುವಿನ ಮೇಲ್ಮೈಯನ್ನು ಮಕ್ಕಳು ಮೂಗು ಹತ್ತಿರ ತಂದು ನೋಡುತ್ತಿದ್ದರು. (ಮೂಗು ಒಳಗೆ ಹಾಕಬಾರದು, ಘಾಟಿನಿಂದ ಕಣ್ಣು ಮೂಗು ಚುರ್ ಅನ್ನುತ್ತದೆ. ಒಬ್ಬನಿಗೆ ಅನ್ನಿಸಿತು.)

ಹುಳಿಗಳ ಪಂದ್ಯ

ಇಂಥ ಪ್ರಯೋಗ ಹೇಳಿಕೊಡುವ ವೀಡಿಯೋಗಳಲ್ಲೆಲ್ಲ ವಿನೆಗರೇ ವಿನೆಗರು. ಮಲೆನಾಡಿನ ಮನೆಗೆ ಬಂದು ಹುಳಿಗಾಗಿ ಪೇಟೆಗೆ ಹೋಗುವುದು ಸ್ವಲ್ಪ ನಾಚಿಕೆಗೇಡೇ. ಒಣಗಿಸಿಟ್ಟ ವಾಟೆಹುಳಿ, ಉಪ್ಪಾಗೆ ಸಿಪ್ಪೆ, ಮುರುಗಲ ಹಣ್ಣು, ಹುಣಸೆ, ಮಜ್ಜಿಗೆ, ತೋಟದಂಚಿನ ಕಂಚಿಕಾಯಿ ಎಲ್ಲ ಕೈಗೆ ಸಿಗುವ ಹಾಗಿರುತ್ತವೆ. ಇವುಗಳಲ್ಲಿ ಯಾವುದು ಹೆಚ್ಚು ಗಾಳಿ ಬಿಡಿಸುತ್ತದೆ ಅಂತ ಮಕ್ಕಳಿಗೆ ಪಂದ್ಯ ಹಚ್ಚಿದೆ. ಒಂದೇ ಬಾಟಲಿ, ಒಂದೇ ಅಳತೆಯ ಸೋಡಾ, ಒಂದೇ ಅಳತೆಯ ಹುಳಿನೀರು; ಬಲೂನು ಉಬ್ಬಿದ ಮೇಲೆ ಅದರ ಹೊಟ್ಟೆಗೆ ನೂಲು ಸುತ್ತಿ, ನೂಲನ್ನು ಸ್ಕೇಲಿಗೆ ಹಿಡಿದು ಬರೆದುಕೊಳ್ಳುವುದು. ಈ ಬರೆದುಕೊಳ್ಳುವ ಕೆಲಸ ಅಕ್ಕನ ಮಗಳದ್ದು. ತಮ್ಮನ ಕೆಲಸ ಹುಳಿ ನೆಕ್ಕಿ ನೋಡಿ, ನಾಲಿಗೆಗೆ ಯಾವುದು ಜೋರು ಅಂತ ಮೊದಲೇ ಭವಿಷ್ಯ ಹೇಳುವುದು. ಸೋಡಾ ಹಾಕುವ ಮುಂಚೆ, ಊಟದ ಸಾಮಾನು ಮಾತ್ರ ಅನ್ನುವ ಕಟ್ಟಪ್ಪಣೆಯ ಮೇಲೆ.

ಗೆದ್ದದ್ದು ನಿಂಬೆಯೇ. ಕಿವುಚಿ ಗಟ್ಟಿ ಮಾಡಿದ ಹುಣಸೆರಸ ಹತ್ತಿರ ಬಂತು. ಮುರುಗಲ ನೀರು ಉಬ್ಬಿಸುವುದಕ್ಕಿಂತ ಬಣ್ಣ ಬದಲಿಸಿ ಹೆಸರು ಮಾಡಿತು. ಸೋಡಾ ಬಿದ್ದಂತೆ ಕೆಂಪು ಹೋಗಿ ನೀಲಿ ತಿರುಗಿದ ಮಬ್ಬು ಬಣ್ಣ. ಎಲ್ಲಕ್ಕಿಂತ ವಿಶೇಷ ಅಂದರೆ ಮಜ್ಜಿಗೆ. ಹುಳಿ ಬಂದ ಮಜ್ಜಿಗೆಗೆ ಸೋಡಾ ಹಾಕಿದರೆ ನೊರೆ ಬಾಟಲಿಯ ಕತ್ತಿನವರೆಗೆ ಬಂದು ಅಲ್ಲೇ ಗಟ್ಟಿಯಾಗಿ ಕೂತುಕೊಂಡಿತು. ಕಣ್ಣಿನ ಲೆಕ್ಕದಲ್ಲಿ ಅದೇ ಫಸ್ಟ್ ಪ್ರೈಜು. ಬಲೂನು ಮಾತ್ರ ಜೋತುಬಿದ್ದಿತ್ತು, ನೂಲಿನ ಅಳತೆಯಲ್ಲಿ ಅದು ಕಟ್ಟಕಡೆ. ನಿಂಬೆರಸದಲ್ಲಿ ಆಮ್ಲ 5–6 ಪರ್ಸೆಂಟ್ ಇದ್ದರೆ ಮಜ್ಜಿಗೆಯಲ್ಲಿ ಒಂದು ಪರ್ಸೆಂಟಿನ ಆಸುಪಾಸು. ಬಂದಷ್ಟು ಗುಳ್ಳೆಯನ್ನು ಹಾಲಿನ ಪ್ರೋಟೀನು ಒಡೆಯಲು ಬಿಡುವುದಿಲ್ಲ. ವಸ್ತುಪ್ರದರ್ಶನದ ಪಾತ್ರೆ ಲಿಕ್ವಿಡ್ ಮಾಡುವ ಕೆಲಸವೂ ಅದೇ ತಾನೆ. ನೊರೆಗೂ ಗಾಳಿಗೂ ಲೆಕ್ಕ ಬೇರೆ ಅಂತ ಎರಡು ಗಂಟೆ ಪಾಠ ಮಾಡಿದರೂ ಹೋಗದಿದ್ದದ್ದು ಆ ಜೋತುಬಿದ್ದ ಬಲೂನಿನಿಂದ ತಲೆಗೆ ಹೋಯಿತು.

ವಿನೆಗರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಜಿಲ್ಲೆಗೆ ಅನ್ಯಾಯ ಮಾಡಿದ ಹಾಗೆ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಮೊದಲು ನಡೆದದ್ದು ಕಲ್ಲಿದ್ದಲಿನಿಂದಲ್ಲ, ನಮ್ಮ ಕಾಡಿನ ಸೌದೆಯ ಇದ್ದಿಲಿನಿಂದ. ಮುಚ್ಚಿದ ಪಾತ್ರೆಯಲ್ಲಿ ಸೌದೆ ಕಾಯಿಸಿ ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ತಣಿಸಿದರೆ ಟಾರು, ಮರದ ಸ್ಪಿರಿಟ್ಟು, ಮತ್ತೆ ವಿನೆಗರಿನಲ್ಲಿರುವ ಅದೇ ಅಸಿಟಿಕ್ ಆಮ್ಲ ಸಿಗುತ್ತದೆ. ಆ ಆಮ್ಲಕ್ಕೆ ಸುಣ್ಣ ಹಾಕಿ ಅಸಿಟೇಟ್ ಮಾಡುತ್ತಿದ್ದರು. ಮರದ ಹೊಗೆಯಲ್ಲಿ ಹುಳಿ ಇದೆ ಅಂತ ಮಕ್ಕಳಿಗೆ ಹೇಳಿದರೆ ನಂಬಲಿಲ್ಲ. ಬಚ್ಚಲ ಒಲೆಯ ಹೊಗೆಗೆ ಕಣ್ಣು ಉರಿಯುವುದಕ್ಕೆ ಅದರ ಪಾಲೂ ಇದೆ ಅಂದ ಮೇಲೆ ಅರ್ಧ ನಂಬಿದರು.

ಮಳೆಗಾಲಕ್ಕೊಂದು ಪ್ರಯೋಗ ನಮ್ಮ ಊರಿಗೇ ಸಲ್ಲುವಂಥದ್ದು. ಈನೋ ಪೊಟ್ಟಣದಲ್ಲಿ ಸೋಡಾವೂ ಸಿಟ್ರಿಕ್ ಆಮ್ಲವೂ ಒಂದರ ಪಕ್ಕ ಒಂದು ಒಣಗಿ ಕೂತಿರುತ್ತವೆ. ನೀರು ಬೀಳುವವರೆಗೆ ಒಂದಕ್ಕೊಂದು ಮಾತಿಲ್ಲ. ಒಂದು ಪೊಟ್ಟಣ ಒಡೆದು ಜುಲೈ ತಿಂಗಳ ಹವೆಗೆ ಬಿಡಿ, ಇನ್ನೊಂದನ್ನು ಮುಚ್ಚಿಡಿ. ಕೆಲವು ದಿನ ಬಿಟ್ಟು ಎರಡನ್ನೂ ನೀರಿಗೆ ಹಾಕಿ ಬಲೂನು ಕಟ್ಟಿ ನೋಡಿ. ಒಡೆದಿಟ್ಟದ್ದು ಗಂಟುಕಟ್ಟಿ, ಗಾಳಿಯ ತೇವಕ್ಕೇ ಅರ್ಧ ಕೆಲಸ ಮುಗಿಸಿರುತ್ತದೆ. ಬಟ್ಟೆ ಒಣಗದ, ಬೆಂಕಿಪೊಟ್ಟಣ ಹತ್ತದ ಊರಿನಲ್ಲಿ ಇದಕ್ಕೆ ಯಾವ ಲ್ಯಾಬೂ ಬೇಡ.

ಕವಳದ ಬಟ್ಟಲಿನ ಸುಣ್ಣ

ಗಾಳಿ ಬಂತು, ತೂಕ ಇದೆ, ಉರಿ ಆರಿಸುತ್ತದೆ. ಆದರೆ ಅದು ಕಾರ್ಬನ್ ಡೈಆಕ್ಸೈಡೇ ಅಂತ ಹೇಗೆ ಗೊತ್ತು? ಈ ಪ್ರಶ್ನೆ ಕೇಳಿದ್ದು ಹುಡುಗಿಯೇ, ಕೇಳಿದಳು ಅಂತ ನನಗೆ ಖುಷಿಯಾಯಿತು. ಉತ್ತರ ಅಪ್ಪಯ್ಯನ ಕವಳದ ಬಟ್ಟಲಲ್ಲಿತ್ತು. ಎಲೆಗೆ ಹಚ್ಚುವ ಸುಣ್ಣವನ್ನು ಕಡಲೆಗಾತ್ರ ತೆಗೆದು ಬಾಟಲಿ ನೀರಿಗೆ ಹಾಕಿ ಕುಲುಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು ನಿಂತಿರುತ್ತದೆ. ಅದನ್ನು ಅಲುಗಿಸದೆ ಲೋಟಕ್ಕೆ ಬಗ್ಗಿಸಿಕೊಂಡೆವು. ಪಪ್ಪಾಯಿ ಎಲೆಯ ದಂಟು ಕತ್ತರಿಸಿದರೆ ಬಿಟ್ಟಿ ಕೊಳವೆ. ಎಳೆಯಬಾರದು, ಊದಬೇಕು ಮಾತ್ರ, ಕಣ್ಣಿಗೆ ಹಾರದ ಹಾಗೆ ಮೆಲ್ಲಗೆ ಅಂತ ಹೇಳಿ ಹೇಳಿ ಊದಿಸಿದೆ. ನಮ್ಮ ಉಸಿರಿನಲ್ಲಿ ಈ ಗಾಳಿ 4 ಪರ್ಸೆಂಟಿನಷ್ಟು, ಹೊರಗಿನ ಹವೆಯಲ್ಲಿ 0.04. ತಿಳಿನೀರು ಮೊದಲು ಮಬ್ಬಾಗಿ, ಆಮೇಲೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂತು. ಸೋಡಾ ಬಾಟಲಿಯ ಗಾಳಿಯನ್ನು ಇನ್ನೊಂದು ಲೋಟಕ್ಕೆ ಹಾಯಿಸಿದರೆ ಅದಕ್ಕಿಂತ ಬೇಗ ಬೆಳ್ಳಗಾಯಿತು. ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸದೆ ಹಾಯಿಸುತ್ತಲೇ ಇದ್ದರೆ ಬಿಳಿ ಮತ್ತೆ ಕರಗಿ ನೀರು ತಿಳಿಯಾಗುತ್ತದೆ. ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಇನ್ನಷ್ಟು ಗಾಳಿ ಸೇರಿ ಕರಗುವ ಬೈಕಾರ್ಬೊನೇಟ್ ಆಗುವುದೇ ಕಾರಣ. ಹುಡುಗ ಇದನ್ನು ಮೋಸ ಅಂದ.

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ತಕ್ಕಡಿ ಹಿಡಿದು ಮಾಡಿದ್ದೂ ಇದೇ ಜಾತಿಯ ಕೆಲಸ. ಸುಟ್ಟಾಗ ತೂಕ ಕಳೆದುಕೊಳ್ಳುವ ಕಲ್ಲಿನಿಂದ ಹೋದದ್ದು ಒಂದು ಬಗೆಯ ಗಾಳಿ ಅಂತ ತೋರಿಸಿದ. ಸುಣ್ಣದ ತಿಳಿನೀರನ್ನು ಬೆಳ್ಳಗೆ ಮಾಡುವ ಆ ಗಾಳಿ ಉಸಿರಿನಲ್ಲೂ, ಇದ್ದಿಲು ಉರಿದಾಗಲೂ, ಹುದುಗು ಬಂದಾಗಲೂ ಇರುತ್ತದೆ ಅಂತ ಕಂಡುಕೊಂಡ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅದೇ ಗಾಳಿಯನ್ನು ನೀರಿಗೆ ಸೇರಿಸುವ ವಿಧಾನ ಬರೆದು ಅಚ್ಚು ಹಾಕಿಸಿದ. ಅವನಿಗೆ ಅದರ ಹುಚ್ಚು ಹತ್ತಿದ್ದು ಬಿಯರ್ ಮಾಡುವ ಮನೆಯ ಪಕ್ಕದಲ್ಲಿ ವಾಸಕ್ಕಿದ್ದಾಗ. ಆ ನೀರಿನ ಮೊಮ್ಮಗನೇ ನಮ್ಮ ಗೋಲಿ ಸೋಡಾ. ಅದರ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿದಿರುವುದು ಮುಚ್ಚಳವೂ ಅಲ್ಲ ಸ್ಪ್ರಿಂಗೂ ಅಲ್ಲ, ಒಳಗೆ ತುಂಬಿದ ಗಾಳಿಯೇ. ಹುಡುಗನ ತಲೆಗೆ ಇದು ಹೊಕ್ಕಿದ್ದೇ ತಡ, ಪೇಟೆಗೆ ಹೋದಾಗಲೆಲ್ಲ ಪ್ರಯೋಗದ ಹೆಸರಲ್ಲಿ ಗೋಲಿ ಸೋಡಾ ಕುಡಿಯುವ ಹಕ್ಕು ತನಗಿದೆ ಅಂತ ವಾದ ಶುರು ಮಾಡಿದ.

ಸುಣ್ಣದ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ನಿಂಬೆಯ ಹೋಳು ಹಿಡಿದು ಮನೆಯೆಲ್ಲ ಒಂದೊಂದು ತೊಟ್ಟು ಹಾಕುತ್ತಾ ಹೋದರು. ತೋಟದಲ್ಲಿ ಸಿಕ್ಕ ಬಸವನಹುಳುವಿನ ಚಿಪ್ಪು ಗುಳ್ಳೆ ಬಿಟ್ಟಿತು. ಅಡುಗೆಮನೆಯ ಕಡಪ ಕಲ್ಲೂ ಸಣ್ಣಗೆ ಬಿಟ್ಟಿತು, ಜೊತೆಗೆ ಅಲ್ಲಿ ಹೊಳಪು ಹೋಗಿ ಅಮ್ಮನಿಂದ ಬೈಗುಳವೂ ಬಿತ್ತು. ಮನೆಯಲ್ಲಿದ್ದ ಸೀಮೆಸುಣ್ಣ ತೆಪ್ಪಗಿತ್ತು; ಈಗಿನ ಸೀಮೆಸುಣ್ಣ ಬಹಳಷ್ಟು ಜಿಪ್ಸಮ್ಮಿನದು. ಅಂಗಳದ ಪಾಗಾರದ ಜಂಬಿಟ್ಟಿಗೆ ಕಲ್ಲೂ ತೆಪ್ಪಗೆ. ಅದರಲ್ಲಿರುವುದು ಕಬ್ಬಿಣ, ಅಲ್ಯುಮಿನಿಯಂ. ಇದ್ದಬದ್ದ ಸುಣ್ಣವನ್ನೆಲ್ಲ ಮಳೆ ತೊಳೆದುಕೊಂಡು ಹೋಗಿದೆ. ತೋಟಕ್ಕೆ ನಾವು ಆಗಾಗ ಸುಣ್ಣ ಹಾಕುವುದು ಅದಕ್ಕೇ ಅಂತ ಅಪ್ಪಯ್ಯ ಜಗಲಿಯಿಂದಲೇ ಸೇರಿಸಿದರು.

ಕತ್ತಿ ಅದ್ದಿ ನೋಡುವುದು

ರಜೆಯ ಕೊನೆಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ತಯಾರಿ ಶುರುವಾಯಿತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅನ್ನುವುದು ಮಲೆನಾಡಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದು ಕೊತಕೊತ ಕುದಿಯುತ್ತಿದ್ದಾಗ ಹುಡುಗಿ, "ಇದೂ ಕಾರ್ಬನ್ ಡೈಆಕ್ಸೈಡಾ ಮಾವ?" ಅಂದಳು. ಅಲ್ಲ, ಅದು ಬರೀ ಹಬೆ. ಆ ಗಾಳಿಯನ್ನು ಸುಣ್ಣದ ಗೂಡಿನಲ್ಲೇ ಸುಟ್ಟು ಓಡಿಸಿರುತ್ತಾರೆ, ಸುಣ್ಣಕ್ಕೆಂದು ಸುಡುವ ನೂರು ಕಿಲೋ ಚಿಪ್ಪಿನಲ್ಲಿ 44 ಕಿಲೋದಷ್ಟು ಗಾಳಿಯಾಗಿ ಹೋಗಿರುತ್ತದೆ. ಗೋಡೆಗೆ ಬಳಿದ ಸುಣ್ಣ ಅದನ್ನು ಹವೆಯಿಂದ ನಿಧಾನಕ್ಕೆ ವಾಪಸ್ ಪಡೆದು ಮತ್ತೆ ಗಟ್ಟಿಯಾಗುತ್ತದೆ. ಕುದಿಯುವುದೆಲ್ಲ ಒಂದೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಔಷಧಿ ಕೂಡಿಸಿ ಆದಮೇಲೆ ಅಪ್ಪಯ್ಯ ಹೊಳೆಯುವ ಕತ್ತಿಯ ತುದಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿದು ಎತ್ತಿ ನೋಡಿದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನೂ ಸ್ವಲ್ಪ ಹಾಕಬೇಕು. ಇಲ್ಲದಿದ್ದರೆ ಅಡಿಕೆ ಸೋಗೆ, ಕಾಯಿ ಸುಟ್ಟುಹೋಗುತ್ತದೆ. ಕತ್ತಿ ಹೇಗಿತ್ತೋ ಹಾಗೇ ಇತ್ತು, ಹೊಡೆಯಲು ಶುರು ಮಾಡಿದರು. ನನಗೆ ಆ ಹಾಲ್‌ನ ಸಾಲು ಜ್ವಾಲಾಮುಖಿಗಳು ನೆನಪಾಗಿ ಸ್ವಲ್ಪ ಸಿಟ್ಟೇ ಬಂತು. ಎಸ್ಸೆಸ್ಸೆಲ್ಸಿ ದಾಟದ ಅಪ್ಪಯ್ಯ ಡ್ರಮ್ಮಿನಲ್ಲಿರುವ ದ್ರಾವಣವನ್ನು ಒಂದು ಮಾತು ಕೇಳಿ, ಅದರ ಉತ್ತರ ನೋಡಿ, ಮುಂದಿನ ಕೆಲಸಕ್ಕೆ ಕೈ ಹಾಕುತ್ತಾರೆ. ಬಹುಮಾನ ಗೆದ್ದ ಮಾದರಿಗೆ ಯಾರೂ ಏನೂ ಕೇಳುವುದಿಲ್ಲ. ಉತ್ತರ ಚಾರ್ಟಿನಲ್ಲಿ ಮೊದಲೇ ಬರೆದಿರುತ್ತದೆ.

ಬಾವಿ ಇಳಿಯುವ ಮುಂಚೆ ದೀಪ ಇಳಿಸಿ ನೋಡುವುದೂ ಅಂಥದ್ದೇ ಕೇಳುವಿಕೆ. ಬಹಳ ದಿನ ಮುಚ್ಚಿದ ಬಾವಿಯ ತಳದಲ್ಲಿ ಭಾರದ ಗಾಳಿ ನಿಂತಿರಬಹುದು, ಪಾತ್ರೆಯ ತಳದಲ್ಲಿ ನಿಂತ ಹಾಗೆಯೇ. ಸಾಮಾನ್ಯ ಹವೆಯಲ್ಲಿ 21 ಪರ್ಸೆಂಟ್ ಇರುವ ಆಮ್ಲಜನಕ 16–17ಕ್ಕೆ ಇಳಿದರೆ ದೀಪ ಆರುತ್ತದೆ. ದೀಪ ಆರಿದ ಬಾವಿಗೆ ಮನುಷ್ಯ ಇಳಿಯಬಾರದು, ಉರಿದರೂ ಹಗ್ಗ ಕಟ್ಟಿಕೊಳ್ಳದೆ ಇಳಿಯಬಾರದು. ಆದರೆ ಇದೇ ಉಪಾಯವನ್ನು ಗೋಬರ್ ಗ್ಯಾಸ್ ಗುಂಡಿಗೆ ತಂದರೆ ಸತ್ತೆವು ಅಂತಲೇ ಲೆಕ್ಕ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೀಥೇನು, ಉರಿ ತೋರಿಸಿದರೆ ಹೊತ್ತಿಕೊಳ್ಳುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡು, ಜಾಸ್ತಿಯಾದರೆ ಮೂಗು ಅದರ ವಾಸನೆಯನ್ನೇ ಹಿಡಿಯದು. ಯಾವ ಗಾಳಿ ಅಂತ ತಿಳಿಯದೆ ಪರೀಕ್ಷೆ ಮಾಡಲೂ ಬಾರದು ಅನ್ನುವುದು ಮಕ್ಕಳಿಗೆ ಗೊತ್ತಿರಬೇಕಾದ ವಿಷಯ. ಹಿತ್ತಲಿನಲ್ಲೇ ಗುಂಡಿ ಇರುವ ಮನೆಗಳಲ್ಲಂತೂ.

ಹೇಳಬೇಕಾದ ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಸೋಡಾ–ಹುಳಿ ಹಾಕಿದ ಬಾಟಲಿಗೆ ಮುಚ್ಚಳ ತಿರುಪಬೇಡಿ, ಅದರಲ್ಲೂ ಗಾಜಿನದಕ್ಕೆ. ಟಾಯ್ಲೆಟ್ ತೊಳೆಯುವ ಆಸಿಡ್ಡು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಬರುವುದು ಕ್ಲೋರಿನ್, ಅದು ಶ್ವಾಸಕೋಶ ಸುಡುವ ವಿಷ. ಕಾರ್ಬೈಡನ್ನು ಮಕ್ಕಳ ಕೈಗೆ ಕೊಡುವವರಿಗೆ ಏನೆನ್ನಬೇಕೋ. ಪೈಪಿನಲ್ಲಿ ಅದರ ಗಾಳಿ ತುಂಬಿ ಸಿಡಿಸುವ ಆಟದಲ್ಲಿ 2025ರ ದೀಪಾವಳಿಗೆ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡರು.

ಆನೆ ಇಲ್ಲದ ಆನೆ ಪೇಸ್ಟು, ಮತ್ತೊಂದು ತಕರಾರು

ಬೇರೆ ಗಾಳಿಯೂ ಬೇಕು ಅಂತ ಹಟ ಹಿಡಿದಾಗ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ತಂದೆ. "ಆನೆ ಟೂತ್‌ಪೇಸ್ಟ್ ಮಾಡೋಣ" ಅಂದದ್ದಕ್ಕೆ ಹುಡುಗ ಆನೆ ಬಿಡಾರ ಇರುವ ಸಕ್ರೆಬೈಲಿಗೆ ಹೊರಡಲು ಚಪ್ಪಲಿ ಹಾಕಿಕೊಂಡಿದ್ದ. ಬಾಟಲಿಯ ಮೇಲೆ 20 ವಾಲ್ಯೂಮ್ ಅಂತ ಬರೆದಿರುತ್ತದಲ್ಲ, ಒಂದು ಎಂಎಲ್ ದ್ರಾವಣದಿಂದ 20 ಎಂಎಲ್ ಆಮ್ಲಜನಕ ಬರುತ್ತದೆ ಅಂತ ಅದರ ಲೆಕ್ಕ. ಇದು 6 ಪರ್ಸೆಂಟಿನದು. ಮಕ್ಕಳಿಗೆ ಕನ್ನಡಕ ಹಾಕಿಸಿ, ಸುರಿಯುವ ಕೆಲಸ ನಾನೇ ಮಾಡಿದೆ. ಬೆಚ್ಚಗಿನ ನೀರಿನಲ್ಲಿ ಕದಡಿದ ಯೀಸ್ಟ್ ಹಾಕಿದಾಗ ನೊರೆ ಬಂತು, ಈ ಸಲ ಬಾಟಲಿ ಬೆಚ್ಚಗಾಯಿತು. ಉರಿ ಆರಿಸಿ ಕೆಂಡ ಮಾತ್ರ ಉಳಿದ ಊದುಬತ್ತಿಯನ್ನು ಬಾಯಿಗೆ ಹಿಡಿದರೆ ಕೆಂಡ ಒಮ್ಮೆಗೇ ಬೆಳ್ಳಗೆ ಹೊಳೆಯಿತು. ಅದೇ ಕೆಂಡ ಸೋಡಾದ ಬಾಟಲಿಯಲ್ಲಿ ಸತ್ತೇ ಹೋಗುತ್ತದೆ. ಎರಡೂ ನೊರೆ ಕಣ್ಣಿಗೆ ಒಂದೇ ಥರ ಇದ್ದವು.

ಇಷ್ಟಾಗಿ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಹೊರಡುವ ಹಿಂದಿನ ದಿನ ಹುಡುಗಿ ಉದ್ದದ್ದೊಂದು ಗಿಡ್ಡದ್ದೊಂದು ಮೇಣದಬತ್ತಿ ಅಕ್ಕಪಕ್ಕ ಹಚ್ಚಿ, ಖಾಲಿ ಇದ್ದ ದೊಡ್ಡ ಗಾಜಿನ ಭರಣಿಯನ್ನು ಮೇಲೆ ಬೋರಲು ಹಾಕಿದ್ದಳು. ಸೋಡಾ ಇಲ್ಲ, ವಿನೆಗರ್ ಇಲ್ಲ. ಗಿಡ್ಡದ್ದೇ ಮೊದಲು ಆರಬೇಕು ಅಂತ ತಮ್ಮನ ಹತ್ತಿರ ಬಾಜಿ ಕಟ್ಟಿದ್ದಳು. ಆರಿದ್ದು ಉದ್ದದ್ದು. "ಭಾರದ ಗಾಳಿ ಕೆಳಗಲ್ವಾ ಇರ್ಬೇಕು ಮಾವ? ಹಾಗಾದ್ರೆ ನೀವು ಪಾತ್ರೇಲಿ ತೋರಿಸಿದ್ದು?" ಉರಿಯಿಂದ ಏಳುವ ಗಾಳಿ ಬಿಸಿ, ಬಿಸಿಯಾದದ್ದು ಹಿಗ್ಗಿ ಹಗುರಾಗಿ ಮೊದಲು ಮೇಲೆ ಹೋಗಿ ತುಂಬಿಕೊಳ್ಳುತ್ತದೆ, ಹಾಗಾಗಿ ಮೇಲಿನ ಉರಿಗೆ ಮೊದಲು ಉಸಿರು ಕಟ್ಟುತ್ತದೆ, ಪಾತ್ರೆಯಲ್ಲಿ ಬಂದದ್ದು ತಣ್ಣನೆಯ ಗಾಳಿ ಅಂತ ಹೇಳಿದೆ. ಬಾಟಲಿ ತಣ್ಣಗಾದದ್ದು ನಿನಗೇ ಗೊತ್ತಲ್ಲ ಅಂತಲೂ ನೆನಪಿಸಿದೆ. ಅವಳು ತಲೆ ಆಡಿಸಿದಳು, ಒಪ್ಪಲಿಲ್ಲ. ಭರಣಿಯ ಹೊರಗೆ ಸುತ್ತಲೂ ಐಸ್ ಕಟ್ಟಿ ಒಳಗಿನ ಬಿಸಿಗಾಳಿಯನ್ನು ತಣ್ಣಗೆ ಮಾಡಿದರೆ ಆಗ ಯಾವುದು ಮೊದಲು ಆರುತ್ತದೆ ನೋಡಬೇಕಂತೆ. ಭರಣಿ ಒಡೆಯಬಹುದು ಅಂದೆ, ಒದ್ದೆ ಬಟ್ಟೆ ಸುತ್ತಿದರಾಯಿತು ಅಂದಳು. ದಸರಾ ರಜೆಗೆ ಅಂತ ತೀರ್ಮಾನವಾಗಿದೆ. ಆ ಭರಣಿಯಲ್ಲಿ ಈಗ ಮಿಡಿ ಉಪ್ಪಿನಕಾಯಿ ಬಾಯಿತನಕ ತುಂಬಿದೆ, ಅಮ್ಮನ ಹತ್ತಿರ ಈ ವಿಷಯ ಇನ್ನೂ ಎತ್ತಿಲ್ಲ.